ಹುಣಸೆಮರದ ಏರು, ಹುಚ್ಚನ ಮೋಟಾರು

೧

ಈ ಕಥೆಯನ್ನು ಸೈಕಲ್ಲಿನಿಂದ ಶುರುಮಾಡಬೇಕೋ, ಮಂಡಿಯಿಂದಲೋ, ಮೀನಿನಿಂದಲೋ ಎಂದು ಕಥೆಗಾರ ಮೂರು ದಿನ ತಲೆ ಕೆರೆದುಕೊಂಡ. ಸೈಕಲ್ಲಿನಿಂದ ಶುರುಮಾಡಿದರೆ ತುಕ್ಕು. ಮಂಡಿಯಿಂದಾದರೆ ನೋವು. ಮೀನಿನಿಂದ ಶುರುಮಾಡಿದರೆ ನಿಮ್ಮಲ್ಲಿ ಅರ್ಧ ಜನ ಮೂಗು ಮುಚ್ಚಿಕೊಂಡು ಎದ್ದುಹೋಗುತ್ತೀರಿ, ಉಳಿದರ್ಧ ಜನ ತಟ್ಟೆ ಹಿಡಿದು ಬಂದು ಕೂರುತ್ತೀರಿ.

ಮೊದಲ ಕರಡು ಹೀಗಿತ್ತು: ‘ಸಹ್ಯಾದ್ರಿಯ ಮಡಿಲಲ್ಲಿ ಮಂಜು ಮುಸುಕಿದ ಒಂದು ಮುಂಜಾನೆ...’

(ಹರಿದು ಹಾಕಲಾಗಿದೆ. ಮಂಜು ಮುಸುಕಿದ್ದರೆ ಮೀನಿನ ಕಣ್ಣು ಕಾಣುವುದಿಲ್ಲ. ಕಣ್ಣು ನೋಡದೆ ಸಿದ್ದಾಪುರದಲ್ಲಿ ಯಾರೂ ಮೀನು ಕೊಳ್ಳುವುದಿಲ್ಲ.)

೧ (ಮತ್ತೊಮ್ಮೆ)

ಹುಚ್ಚ ನಾಯ್ಕನಿಗೆ ಐವತ್ತೆಂಟು ವರ್ಷ. ಹುಚ್ಚೇನೂ ಇಲ್ಲ. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲವೆಂದು, ಹೆಸರು ಕೇಳಿದ ಕೂಡಲೇ ಯಮನೇ ‘ಇದು ನಮಗೆ ಬೇಡ’ ಎಂದು ಮುಂದಿನ ಮನೆಗೆ ಹೋಗಲಿ ಅಂತ ಅಜ್ಜಿ ಇಟ್ಟ ಹೆಸರು. ಯಮ ಹೋದ, ಹೆಸರು ಉಳಿಯಿತು.

ಬೆಳಿಗ್ಗೆ ಕರಾವಳಿಯ ಟೆಂಪೋ ಸಿದ್ದಾಪುರದ ಪೇಟೆಯಲ್ಲಿ ಇಳಿಸುವ ಮೀನನ್ನು ಬುಟ್ಟಿಗೆ ತುಂಬಿಸಿ, ಐಸ್ ಸುರಿದು, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಬಿಳಗಿ ದಾರಿಯುದ್ದಕ್ಕೂ ಮಾರುವುದು ಅವನ ಮೂವತ್ತೊಂದು ವರ್ಷದ ಉದ್ಯೋಗ. ಆ ದಾರಿಯಲ್ಲಿ ಹುಣಸೆಮರದ ಏರು ಅಂತ ಒಂದಿದೆ. ಅಲ್ಲಿ ಸೈಕಲ್ಲು ಅವನನ್ನು ಹೊರುವುದಿಲ್ಲ, ಅವನೇ ಇಳಿದು ಸೈಕಲ್ಲು ತಳ್ಳಬೇಕು. ತಳ್ಳಿ ತಳ್ಳಿ ಎಡಮಂಡಿ ಹೋಗಿದೆ.

“ಏರಲ್ಲಿ ಭಾರ ತಳ್ಳೋದು ಬಿಡಬೇಕು. ಇಲ್ಲಾಂದ್ರೆ ಒಂದಿನ ಮಂಡಿಚಿಪ್ಪೇ ಬದಲಾಯಿಸಬೇಕಾಗ್ತದೆ,” ಎಂದರು ಡಾಕ್ಟರು.

“ಸೈಕಲ್ಲಿಗೆ ಹೊಸ ಬೇರಿಂಗ್ ಹಾಕ್ದಂಗಾ?”

“ಹೆಚ್ಚುಕಮ್ಮಿ.”

“ಹೆಚ್ಚೆಷ್ಟು?”

ಡಾಕ್ಟರು ಹೇಳಿದರು. ಹುಚ್ಚ ಕುರ್ಚಿಯಿಂದ ಎದ್ದ ವೇಗ ನೋಡಿದರೆ ಮಂಡಿ ಅಲ್ಲೇ ವಾಸಿಯಾದಂತಿತ್ತು.

ಮಂಡಿಯೊಂದೇ ಆಗಿದ್ದರೆ ಕಥೆ ಆಸ್ಪತ್ರೆಯಲ್ಲೇ ಮುಗಿಯುತ್ತಿತ್ತು. ಆದರೆ ಕಳೆದ ದೀಪಾವಳಿಯಿಂದ ವೈಭವ ಎನ್ನುವ ಹೊಸ ವ್ಯಾಪಾರಿ ಅದೇ ದಾರಿಗೆ ಮೂರು ಗಾಲಿಯ ಗಾಡಿ ತರುತ್ತಾನೆ. ಅವನು ಬಾಯಿ ಬಿಡುವುದೇ ಇಲ್ಲ. ಗಾಡಿಯ ನೆತ್ತಿಯ ಮೈಕು ರೆಕಾರ್ಡು ಮಾಡಿದ ಹೆಂಗಸಿನ ದನಿಯಲ್ಲಿ ಕೂಗುತ್ತದೆ: “ಆತ್ಮೀಯ ಗ್ರಾಹಕರೇ, ತಾಜಾ ತಾಜಾ ಮೀನು...” ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದ್ದಕ್ಕೆ ವಿಷಾದಿಸುವ ಧಾಟಿ. ಈ ಗಾಡಿ ಏರಿಗೆ ಬರುವುದು ಸರಿಯಾಗಿ ಹತ್ತಕ್ಕೆ. ಹುಚ್ಚ ಮೊದಲು ಒಂಬತ್ತಕ್ಕೆ ಬರುತ್ತಿದ್ದ. ಮಂಡಿ ಹಿಡಿದು ನಿಂತು ನಿಂತು ಬರುವ ಈಗಿನ ಲೆಕ್ಕದಲ್ಲಿ ಒಂಬತ್ತೂ ಮುಕ್ಕಾಲು. ಮಂಡಿಗೂ ಮೈಕಿಗೂ ನಡುವೆ ಉಳಿದದ್ದು ಹದಿನೈದು ನಿಮಿಷ. ಅದೂ ಹೋದರೆ ದಾರಿ ಹೋಯಿತು, ದಾರಿ ಹೋದರೆ ಹುಚ್ಚನಿಗೆ ಬೇರೆ ಕೆಲಸ ಗೊತ್ತಿಲ್ಲ.

೨

“ಅಪ್ಪಾ, ಸೈಕಲ್ಲಿಗೇ ಮೋಟಾರ್ ಕಿಟ್ ಹಾಕ್ಸುವಾ,” ಎಂದಳು ಮಗಳು ರಕ್ಷಿತಾ. ಬಿ.ಕಾಂ. ಎರಡನೇ ವರ್ಷ.

“ಯಾವ ಕಿಟ್ಟ? ಮೇಲಿನಕೇರಿ ಕಿಟ್ಟನಾ?”

“ನಿಂಗೆ ಮಂಡಿ ಮಾತ್ರ ಹೋಗಿದ್ದು ಅಂದ್ಕಂಡಿದ್ದೆ.”

(ಬೈಕೇ ಕೊಳ್ಳಬಹುದಲ್ಲ ಎಂದು ಕೇಳುವ ಓದುಗರಿಗೆ: ಲೈಸೆನ್ಸ್ ಪರೀಕ್ಷೆಯಲ್ಲಿ ಹುಚ್ಚನಿಗೆ ಗಾಡಿಯಲ್ಲಿ ಎಂಟು ಬರೆಯಲು ಹೇಳಿದ್ದರು. ಅವನು ಮೂರು ಬರೆದು ಗೋಡೆಗೆ ಹೋದ. ಇನ್ನು ಆ ಮಾತು ಎತ್ತಬಾರದು.)

ಅಪ್ಪ ಮಗಳು ಫೋನಿನಲ್ಲಿ ಯಲ್ಲಾಪುರದ ಹುಡುಗನೊಬ್ಬನ ಚಾನೆಲ್ ನೋಡಿದರು. “ಹಾಯ್ ಹಲೋ ನಮಸ್ಕಾರ ಫ್ರೆಂಡ್ಸ್, ಇವತ್ತಿನ ವಿಡಿಯೋದಲ್ಲಿ ನಾವು ಏನ್ ನೋಡ್ತಾ ಇದೀವಿ ಅಂದ್ರೆ, ಏನ್ ನೋಡ್ತಾ ಇದೀವಿ ಅನ್ನೋದನ್ನ ನೋಡೋಕ್ ಮುಂಚೆ...” ಹನ್ನೊಂದು ನಿಮಿಷವಾದರೂ ಹುಡುಗ ಪೆಟ್ಟಿಗೆ ಒಡೆಯಲಿಲ್ಲ. “ಇವ್ನು ಮೀನು ಮಾರಿದ್ರೆ ಹುಳ ಬೀಳ್ತಿತ್ತು,” ಎಂದು ಹುಚ್ಚ ಶಿರಸಿಯ ಬಸ್ಸು ಹತ್ತಿದ. ರಕ್ಷಿತಾ ಜೊತೆಗೆ ಹೋದಳು.

ಶಿರಸಿಯಲ್ಲಿ ಪ್ರಮೋದನ ಸೈಕಲ್ ಅಂಗಡಿ. ಪ್ರಮೋದ ಹಾನಗಲ್ ಕಡೆಯವ.

“ಬರ್ರಿ ಕಾಕಾ, ಕುಂದರ್ರಿ. ಮೂರು ನಮೂನಿ ಅದಾವ್ರಿ. ಇದು ಪೆಟ್ರೋಲಿಂದು, ನಡುವ ಕುಂದ್ರತೈತಿ.” ಹಗ್ಗ ಎಳೆದ. ಅಂಗಡಿಯ ಮುಂದಿನ ನಾಯಿ ಎದ್ದು ಆಚೆ ಬೀದಿಗೆ ಹೋಯಿತು.

“ಇದಕ್ಕೆ ರಿಜಿಸ್ಟ್ರೇಷನ್ನು, ಲೈಸೆನ್ಸು ಎಲ್ಲ ಕೇಳ್ತಾರೆ,” ಎಂದಳು ರಕ್ಷಿತಾ.

“ಮತ್ತೆ ನನ್ನ ಹಾರ್ನು ಯಾರಿಗೆ ಕೇಳ್ತದೆ?” ಎಂದ ಹುಚ್ಚ. ರಬ್ಬರ್ ಉಂಡೆ ಒತ್ತಿದರೆ ಪೋಂ ಎನ್ನುವ ಹಿತ್ತಾಳೆಯ ಹಾರ್ನು ಅವನದು.

“ಹಂಗಾರ ಇದು ಕರೆಂಟಿಂದು. ಚೈನಿನ ಬಾಜೂಕ ಮೋಟಾರು, ಎರಡು ದೊಡ್ಡ ಬ್ಯಾಟರಿ. ರೇಟು ಭಾಳ ಸೋವಿ.”

ಹುಚ್ಚ ಬ್ಯಾಟರಿ ಎತ್ತಿ ನೋಡಿದ. “ಅರ್ಧ ಬುಟ್ಟಿ ಬಂಗಡೆ ತೂಕ ಇದೆ. ಇದ್ನ ತಗಂಡ್ರೆ ನಾನು ಬ್ಯಾಟರಿನೇ ಮಾರ್ಕಂಡು ಬರ್ಬೇಕು.”

“ಮೂರನೇದ್ದು ಹಬ್ ಮೋಟಾರು. ಹಿಂದಿನ ಗಾಲಿಯಾಗ ಕೂತು ಸುಮ್ನ ತಿರಗತೈತಿ. ಬ್ಯಾಟರಿ ಹಗುರ. ಸಪಾಟ ರಸ್ತಾದಾಗ ಮೂವತ್ತು ಕಿಲೋಮೀಟರ್.”

“ಸಿದ್ದಾಪುರ ತಾಲೂಕಲ್ಲಿ ಸಪಾಟ ರಸ್ತೆ ಎಲ್ಲಿದೆ ತಮ್ಮಾ? ಬಸ್‌ಸ್ಟ್ಯಾಂಡ್ ಒಳಗಾ?”

ಪ್ರಮೋದ ನಕ್ಕ. “ಇದರಾಗ ಎರಡು ಅದಾವ್ರಿ. ಒಂದು ಸಾದಾ, ಹ್ಯಾಂಡಲ್ ತಿರವಿದ್ರ ಓಡತೈತಿ, ಬಿಟ್ರ ನಿಲ್ಲತೈತಿ. ಇನ್ನೊಂದಕ್ಕ ಸ್ಕ್ರೀನ್ ಐತಿ. ಅದರಾಗ ವಾಕಿಂಗ್ ಮೋಡ್ ಅಂತ ಬರತೈತಿ. ಗುಂಡಿ ಒತ್ತಿ ಹಿಡಕೊಂಡ್ರ ಸೈಕಲ್ಲು ನಿಮ್ ಕೂಡ ಸಾವಕಾಶ ನಡಕೋತ ಬರತೈತಿ. ರೇಟು ಒಂದೂವರೆ ಪಟ್ಟು.”

“ನಡೆಯೋಕೆ ಮೋಟಾರು ಎಂತಕ್ಕೆ? ನಡೆಯೋದು ತಪ್ಪಲಿ ಅಂತಲ್ದಾ ಬಂದದ್ದು?” ಎಂದ ಹುಚ್ಚ. ರಕ್ಷಿತಾ ‘ಅಪ್ಪಾ...’ ಎನ್ನುವಷ್ಟರಲ್ಲಿ ಸಾದಾ ಕಿಟ್ಟಿನ ಪೆಟ್ಟಿಗೆ ಕಂಕುಳಲ್ಲಿತ್ತು.

(ಈ ಸಂಭಾಷಣೆಯನ್ನು ನೆನಪಿಟ್ಟುಕೊಳ್ಳಿ. ಕಥೆಗಾರನಿಗೆ ನೆನಪಿರುವುದಿಲ್ಲ.)

೪

ಮೂರನೆಯ ಭಾಗ ಎಲ್ಲಿ ಎನ್ನುತ್ತೀರಾ? ಅದರಲ್ಲಿ ಕಥೆಗಾರ ಹುಚ್ಚನನ್ನು ಮೋಟಾರು ಕೂರಿಸಿದ ಸೈಕಲ್ಲಿನ ಸಮೇತ ಗಟಾರಕ್ಕೆ ಬೀಳಿಸಿದ್ದ. ಆಧುನಿಕ ತಂತ್ರಜ್ಞಾನದ ಕುರಿತ ರೂಪಕ. ಹುಚ್ಚ ಒಪ್ಪಲಿಲ್ಲ.

“ಬೀಳೋದಾದ್ರೆ ನೀವೇ ಬೀಳಿ. ಮೀನು ಮಣ್ಣಾದ್ರೆ ಯಾರು ತಗಳ್ತಾರೆ? ನೀವು ತಗಳ್ತ್ರಾ?”

“ನಮ್ಮ ಮನೆಯಲ್ಲಿ...”

“ಗೊತ್ತು, ನೀವು ತಿನ್ನೋರಲ್ಲ. ನಿಮ್ಮನೆ ಎದ್ರಿಗೆ ಮೂವತ್ತೊಂದು ವರ್ಷದಿಂದ ಹಾರ್ನು ಒತ್ತದೆ ಹೋಗ್ತಾ ಇದೀನಿ. ಬಂಗಡೆ ಯಾವ್ದು, ತಾರ್ಲೆ ಯಾವ್ದು ಹೇಳಿ ನೋಡುವಾ?”

ಕಥೆಗಾರ ಗೂಗಲ್ ತೆರೆದ. ಅಷ್ಟರಲ್ಲಿ ಒಳಗಿನಿಂದ ಅವನ ಆಯಿ ಇಣುಕಿ, “ಎಂತ ನೋಡ್ತಾ ಇದ್ಯ ಅದ್ರಲ್ಲಿ?” ಎಂದಳು. “ಮೀನು.” “ಅಯ್ಯ ರಾಮ! ಬರಿಯಲೆ ಬೇರೆ ಎಂತೂ ಸಿಗ್ಲಿಲ್ಯ ನಿಂಗೆ?”

ಮೂರನೆಯ ಭಾಗವನ್ನು ತೆಗೆದುಹಾಕಲಾಯಿತು.

೫

ಮೋಟಾರು ಹೊರಡುವ ಮುಂಚೆ ಒಂದು ಸಂಗತಿ. ಇದನ್ನು ಹುಚ್ಚ ಪ್ರಮೋದನಿಗೆ ಹೇಳಲಿಲ್ಲ. ರಕ್ಷಿತಾಗೂ ಹೊಳೆಯಲಿಲ್ಲ. ದಿನಾ ಮಾಡುವುದನ್ನು ಯಾರು ಹೇಳುತ್ತಾರೆ? ಮೂಗಿಗೆ ಎರಡು ಹೊಳ್ಳೆಯಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಏರಿನ ಬುಡದಲ್ಲಿ ಹುಚ್ಚ ಮೂರು ಸಲ ಹಾರ್ನು ಒತ್ತುತ್ತಾನೆ. ಏರಿನ ಎರಡೂ ಬದಿಯ ಮನೆಗಳ ಹೆಂಗಸರು ಕೈತೊಳೆದು, ಪಾತ್ರೆ ಹುಡುಕಿ, ಬೆಕ್ಕನ್ನು ಒಳಗೆ ಹಾಕಿ ರಸ್ತೆಗೆ ಬರುತ್ತಾರೆ. ಹುಚ್ಚ ನಿಲ್ಲುವುದಿಲ್ಲ, ತಳ್ಳುತ್ತಲೇ ಇರುತ್ತಾನೆ. ಅವರು ಜೊತೆಗೆ ನಡೆಯುತ್ತ ಚೌಕಾಶಿ ಮಾಡುತ್ತಾರೆ. ಬುಡದಲ್ಲಿ ‘ನೂರಕ್ಕೆ ಆರು’ ಎಂದು ಶುರುವಾದ ಬಂಗಡೆ, ನಡು ಏರಿನಲ್ಲಿ ಏಳಾಗಿ, ತುದಿಯ ಹುಣಸೆಮರದ ಹತ್ತಿರ ಎಂಟಾಗುತ್ತದೆ. ಮರ ಬಂದರೆ ಮಾತು ಮುಗಿಯಿತು. ಮರದ ಆಚೆ ಚೌಕಾಶಿಯಿಲ್ಲ. ಮಾತಾಡುತ್ತ ಯಾರು ಕ್ಯಾರಿಯರಿಗೆ ಕೈಕೊಟ್ಟು ತಳ್ಳುತ್ತಾರೋ ಅವರಿಗೆ ಒಂದು ಮೀನು ಹೆಚ್ಚು. ಇದು ಏರಿನ ಕಾನೂನು.

ಅಂದರೆ ಇಪ್ಪತ್ತು ನಿಮಿಷದ ಈ ಏರು ಅವನ ದಾರಿಯಲ್ಲ. ಅವನ ಅಂಗಡಿ.

೬

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ಹುಚ್ಚ ಏರಿನ ಬುಡದಲ್ಲಿದ್ದ. ಪೋಂ, ಪೋಂ, ಪೋಂ. ಸೀಟಿನಲ್ಲಿ ಕೂತೇ ಹ್ಯಾಂಡಲ್ ತಿರುಗಿಸಿದ. ಹಿಂದಿನ ಗಾಲಿ ‘ಹ್ಞೂಂ’ ಎಂದಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಏರನ್ನು ಅವನು ಕೂತು ನೋಡಿದ. ಮಂಡಿ ತುಟಿಪಿಟಿಕ್ಕೆನ್ನಲಿಲ್ಲ. ಗಾಳಿ ಬಂತು. ಅಂಗಿಯ ಗುಂಡಿಯ ನಡುವೆ ಹೊಕ್ಕು ಹೊಟ್ಟೆ ತಣ್ಣಗಾಯಿತು. ‘ಇಷ್ಟು ದಿನ ನಾನು ಹುಚ್ಚನಾಗಿದ್ದೆ’ ಎಂದುಕೊಂಡ. (ಈ ಶ್ಲೇಷೆ ಅವನದೇ, ಕಥೆಗಾರನದಲ್ಲ.)

ನಾಲ್ಕು ನಿಮಿಷದಲ್ಲಿ ಹುಣಸೆಮರ. ತಿರುಗಿ ನೋಡಿದ.

ಏರಿನುದ್ದಕ್ಕೂ ಏಳು ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು, ಬಸ್ಸು ತಪ್ಪಿದವರ ಹಾಗೆ. ನಡು ಏರಿನ ದುರ್ಗಜ್ಜಿ ಸೊಂಟಕ್ಕೆ ಕೈಯಿಟ್ಟು ಕೂಗಿದಳು:

“ಏ ಹುಚ್ಚಾ! ಎಲ್ಲಿಗಾ ಓಡ್ತೆ? ಪೊಲೀಸ್ರು ಅಟ್ಟಿಸ್ಕಂಡು ಬಂದ್ರನಾ?”

“ಮೇಲೆ ಬನ್ರೇ, ಕೊಡ್ತೀನಿ!”

“ಮೇಲೆ ಬರೋಕೆ ನಂಗೆ ಮೋಟಾರು ಕೊಡ್ಸಿದ್ದೀಯನಾ? ಮರ ಮುಟ್ಟಾಯ್ತಲ್ಲ, ಇನ್ನೆಂಥ ಚೌಕಾಶಿ? ನಮ್ಮ ಕೈ ಬ್ಯಾಡಾಯ್ತು ನಿಂಗೆ. ಹೋಗು, ನಿನ್ನ ಮೋಟಾರಿಗೇ ಒಂದು ಮೀನು ಹೆಚ್ಚು ಕೊಡು!”

ಹುಚ್ಚ ಇಳಿದು ಬರಬಹುದಿತ್ತು. ಆದರೆ ಇಳಿಜಾರಿನಲ್ಲಿ ವ್ಯಾಪಾರ ಮಾಡಿ ಅವನಿಗೆ ಅಭ್ಯಾಸವಿಲ್ಲ. ಅವನು ಮೇಲಿನಿಂದ ಕರೆಯುತ್ತ, ಅವರು ಕೆಳಗಿನಿಂದ ಬೈಯುತ್ತ ಹತ್ತು ಗಂಟೆಯಾಯಿತು. ಏರಿನ ಬುಡದಿಂದ ವಿಷಾದದ ದನಿ ಕೇಳಿತು: “ಆತ್ಮೀಯ ಗ್ರಾಹಕರೇ...” ಏಳು ಪಾತ್ರೆಗಳೂ ಆ ಕಡೆ ತಿರುಗಿದವು. ಆ ದಿನ ಬುಟ್ಟಿ ಇಳಿಸುವಾಗ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮನೆಯಲ್ಲಿ ಎರಡು ದಿನ ಬಂಗಡೆ ಹುಳಿ. ಬೆಕ್ಕೂ ಬೇಡವೆಂದಿತು.

೭

ಇಲ್ಲಿ ಕಥೆಗಾರ ಮುಕ್ತಾಯಗಳನ್ನು ಬುಟ್ಟಿಯಲ್ಲಿಟ್ಟು ಕೂಗುತ್ತಾನೆ. ಕಣ್ಣು ನೋಡಿ ಆರಿಸಿಕೊಳ್ಳಿ.

ಮುಕ್ತಾಯ ಒಂದು. ಹುಚ್ಚ ಮೋಟಾರು ಕಿತ್ತೆಸೆದು ಮತ್ತೆ ತಳ್ಳುತ್ತಾನೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಸೂರ್ಯ.

“ಮಂಡಿ ನೋವು ನಂಗೆ, ಪ್ರಶಸ್ತಿ ನಿಮಗೆ,” ಎಂದ ಹುಚ್ಚ.

ಮುಕ್ತಾಯ ಎರಡು. ವೈಭವ ಅವನನ್ನೇ ಕೆಲಸಕ್ಕೆ ಇಟ್ಟುಕೊಂಡು ಮೈಕು ಕೊಡುತ್ತಾನೆ.

“ಅದ್ರಲ್ಲಿ ಹೆಂಗಸಿನ ದನಿ ಇದೆ. ನಂಗೆ ಸೀರೆ ಉಡಿಸ್ತ್ರಾ?”

ಮುಕ್ತಾಯ ಎರಡೂವರೆ. ರಕ್ಷಿತಾ ಪ್ರಮೋದನಿಗೆ ಫೋನು ಮಾಡುತ್ತಾಳೆ. ಆ ನಡೆಯುವ ಮೋಟಾರಿಗೆ ಬದಲಾಯಿಸಿ ಕೊಡ್ತೀರಾ?

“ಪೆಟಗಿ ಒಡದ್ರ ವಾಪಸ್ ಇಲ್ರಿ ತಂಗಿ. ವಾಕಿಂಗ್ ಮೋಡ್ ಐತಿ ಅಂತ ಕಾಕಾಗ ನಾ ಅವತ್ತ ಹೇಳಿದ್ನೆಲ್ರಿ.”

ಹೇಳಿದ್ದ. ನಿಮಗೆ ನೆನಪಿದೆ. ಹುಚ್ಚನಿಗೂ ಈಗ ನೆನಪಾಯಿತು. ಅವನು ಆ ರಾತ್ರಿ ಮಂಡಿಗೆ ಎಣ್ಣೆ ತಿಕ್ಕುತ್ತ, “ನಡೆಯೋಕೂ ಮೋಟಾರು ಬೇಕಾಗಿತ್ತಲ್ದಾ ಮಗಾ,” ಎಂದ. ರಕ್ಷಿತಾ ನಗಲಿಲ್ಲ. ಅಪ್ಪ ತಮಾಷೆ ಮಾಡದ ದಿನ ಮನೆಯಲ್ಲಿ ಯಾರೂ ನಗುವುದಿಲ್ಲ.

೮

ಗುರುವಾರ. ಮೂರು ಪೋಂ ಆದ ಮೇಲೆ ಹುಚ್ಚ ಸೈಕಲ್ಲಿನಿಂದ ಇಳಿದ. ಸೈಕಲ್ಲಿನ ಪಕ್ಕದಲ್ಲಿ ನಡೆಯುತ್ತ ಹ್ಯಾಂಡಲನ್ನು ಒಂದು ಎಳ್ಳಿನಷ್ಟು ತಿರುಗಿಸಿದರೆ ಸಾಕು, ಮೋಟಾರು ಬುಟ್ಟಿ ಎಳೆಯುತ್ತದೆ, ತಾನು ಹಿಡಿದುಕೊಂಡು ಹೋದರಾಯಿತು ಎಂಬುದು ಅವನ ಲೆಕ್ಕ. ಸಾದಾ ಕಿಟ್ಟಿಗೆ ಎಳ್ಳಿನ ಲೆಕ್ಕ ಗೊತ್ತಿಲ್ಲ. ಹಗ್ಗ ಬಿಚ್ಚಿದ ಕರುವಿನಂತೆ ಸೈಕಲ್ಲು ಜಿಗಿಯಿತು. ಹುಚ್ಚ ಹ್ಯಾಂಡಲ್ ಬಿಡಲಿಲ್ಲ. ಬಿಡದ್ದರಿಂದ ಅದು ಇನ್ನೂ ತಿರುಗಿತು. ಒಂದು ಕಾಲಲ್ಲಿ ಓಡುತ್ತ, ಒಂದು ಕಾಲಲ್ಲಿ ಕುಂಟುತ್ತ, “ಹೋ! ಹೋ! ನಿಲ್ಲಾ!” ಎಂದು ಮೋಟಾರಿಗೆ ಎತ್ತಿನ ಭಾಷೆಯಲ್ಲಿ ಹೇಳುತ್ತ ಅವನು ನಡು ಏರಿಗೆ ಬಂದ.

ಪಾತ್ರೆ ಹಿಡಿದು ನಿಂತಿದ್ದ ದುರ್ಗಜ್ಜಿ ಪಾತ್ರೆ ಎಸೆದಳು. ಎರಡೂ ಕೈಯಲ್ಲಿ ಕ್ಯಾರಿಯರ್ ಹಿಡಿದು, ಕಾಲೂರಿ ಹಿಂದಕ್ಕೆ ಜಗ್ಗಿದಳು.

ಸೈಕಲ್ಲು ನಿಲ್ಲಲಿಲ್ಲ. ನಡೆಯತೊಡಗಿತು. ಮೋಟಾರು ಮೇಲಕ್ಕೆ, ಅಜ್ಜಿ ಕೆಳಕ್ಕೆ, ನಡುವೆ ಹುಚ್ಚ. ಎಳೆಯದೆ, ತಳ್ಳದೆ, ಹ್ಯಾಂಡಲ್ ಹಿಡಿದು, ಮದುಮಗನ ಹಾಗೆ.

“ಬಿಡ್ಬೇಡ್ರೇ ಅಜ್ಜೀ!”

“ಬಿಡಾದಿಲ್ಲ. ಮೊದ್ಲು ಹೇಳು, ನೂರಕ್ಕೆ ಎಷ್ಟು?”

“ಆರು.”

“ಬಿಟ್ಟೆ ನೋಡು!”

“ಆರೂವರೆ! ಆರೂವರೆ!”

“ಅರ್ಧ ಬಂಗಡೆ ನಿನ್ನ ಅಪ್ಪ ಕೊಡ್ತಿದ್ನನಾ?” ಎಂದು ಜಗ್ಗುತ್ತಲೇ ಅಜ್ಜಿ ಹಿಂದೆ ತಿರುಗಿ ಕೂಗಿದಳು, “ಬನ್ರೇ ಇಲ್ಲಿ, ಎಲ್ಲಾರೂ ಹಿಡೀರಿ! ಹುಚ್ಚನ ಸೈಕಲ್ಲಿಗೆ ಹುಚ್ಚು ಹಿಡಿದದೆ!”

ಇನ್ನಿಬ್ಬರು ಬಂದರು. ಒಬ್ಬಳು ಬುಟ್ಟಿಯ ಹಗ್ಗ ಹಿಡಿದಳು, ಇನ್ನೊಬ್ಬಳು ಅಜ್ಜಿಯ ಸೆರಗು. ಸೈಕಲ್ಲು ಇನ್ನೂ ನಿಧಾನವಾಯಿತು, ಸರಿಯಾಗಿ ಹಳೆಯ ವೇಗಕ್ಕೆ. ಹುಚ್ಚ ಮಂಡಿ ನೋಡಿಕೊಂಡ. ಅದು ಸುಮ್ಮನೆ ಜೊತೆಗೆ ಬರುತ್ತಿತ್ತು. ಅವನಿಗೆ ನಗು ಬಂತು, ಸೋಮವಾರದ ನಂತರ ಮೊದಲ ಸಲ.

“ಕೇಳ್ರೇ! ಇವತ್ತಿಂದ ಹಿಂದೆ ಎಳೆದೋರಿಗೆ ಒಂದು ಮೀನು ಹೆಚ್ಚು!”

೯

ಇಲ್ಲಿಗೆ ಮುಗಿಸಬಹುದು. ಆದರೆ ಕಥೆಗಾರ ಪ್ರಮೋದನಿಗೆ ಫೋನು ಮಾಡಿ, ಹೀಗೆ ಹಿಂದಿನಿಂದ ಜಗ್ಗಿದರೆ ಮೋಟಾರು ಎಷ್ಟು ದಿನ ತಾಳುತ್ತದೆ ಎಂದು ಕೇಳಿದ. “ಮುಂದ ಎಳಿಯಾಕ ಗ್ಯಾರಂಟಿ ಐತ್ರಿ ಸರ. ಹಿಂದ ಎಳಿಯಾಕ ಕಂಪನಿಯವರು ಏನೂ ಬರದಿಲ್ರಿ,” ಎಂದ ಪ್ರಮೋದ. ಮಳೆಗಾಲದ ತನಕವೋ, ನಾಳೆಯ ತನಕವೋ.

ಹತ್ತಕ್ಕೆ ಮೈಕಿನ ಗಾಡಿ ಬರುತ್ತದೆ. ಈಗ ಒಂಬತ್ತೂ ಇಪ್ಪತ್ತು. ಮೋಟಾರಿನಿಂದ ಸಣ್ಣಗೆ ಸುಟ್ಟ ವಾಸನೆ ಬರುತ್ತಿದೆಯೋ, ಯಾರದೋ ಮನೆಯಲ್ಲಿ ಮಸಾಲೆ ಸೀಯುತ್ತಿದೆಯೋ, ಮೀನು ತಿನ್ನದ ಕಥೆಗಾರನಿಗೆ ಗೊತ್ತಾಗುವುದಿಲ್ಲ.

“ಮುಗಿಸಲೇ?” ಎಂದು ಕೇಳಿದ.

“ಅವಸರ ಮಾಡ್ಬೇಡಿ ಮಾರಾಯ್ರೇ,” ಎಂದ ಹುಚ್ಚ, ತಿರುಗಿ ನೋಡದೆ. “ಮರ ಇನ್ನೂ ಮೇಲಿದೆ. ಸುಮ್ನೆ ನಿಂತ್ಕಂಡು ನೋಡೋ ಬದ್ಲು ನೀವೂ ಬಂದು ಒಂದು ಕೈ ಹಿಡೀರಿ. ನಿಮ್ಮ ಮೀನು ದುರ್ಗಜ್ಜಿ ತಗಳ್ತಾರೆ.”

ಕಥೆಗಾರ ಪೆನ್ನು ಕಿಸೆಗೆ ಹಾಕಿ ಕ್ಯಾರಿಯರ್ ಹಿಡಿದ. ಐಸ್‌ನೀರು ಕೈಮೇಲೆ ಸುರಿಯಿತು.

“ಏಳು,” ಎಂದ ಹುಚ್ಚ.

“ಎಂಟು,” ಎಂದಳು ದುರ್ಗಜ್ಜಿ.