ಬಿಲದ ಬಾಯಿಯ ಬಳೆ

“ಹಗ್ಗಕ್ಕೆ ಎಂಬತ್ತು, ತಲೆದೀಪಕ್ಕೆ ಇನ್ನೂರು, ಕಬ್ಬಿಣದ ಬುಟ್ಟಿಗೆ ನೂರೈವತ್ತು. ಮೂರೂ ಮಣ್ಣುಪಾಲು. ಮೇಲೆ ಬಂದಿದ್ದು ಯಾವ್ದು? ಈ ಬೋಳಿಮಗ ಒಬ್ಬ! ಇವನ ಬದ್ಲು ದೀಪನಾದ್ರೂ ಬಂದಿದ್ರೆ ನಾಳೆ ಇನ್ನೊಬ್ಬನ ತಲೆಗೆ ಕಟ್ಬೋದಿತ್ತು.”

ಮೇಸ್ತ್ರಿ ಹೀಗೆ ಲೆಕ್ಕ ಹಾಕುತ್ತಿದ್ದಾಗ, ಕುಸಿದ ಬಿಲದಿಂದ ಎಳೆದು ತಂದ ನನ್ನ ಮಗ ಗೋಣಿಚೀಲದ ಮೇಲೆ ಮಲಗಿದ್ದ. ಅವನ ಎಡಗಾಲು ಮೊಣಕಾಲಿನ ಕೆಳಗೆ ಯಾವ ಕಡೆಗೆ ಬೇಕಾದರೂ ತಿರುಗುತ್ತಿತ್ತು. ಬೋಳಿಮಗ ಅಂದದ್ದಕ್ಕೆ ನನಗೇನೂ ಸಿಟ್ಟು ಬರಲಿಲ್ಲ. ಗಂಡ ಅದೇ ಗುಡ್ಡದ ಕೆಳಗೆ ಹೋದವನು, ಇನ್ನೂ ಮೇಲೆ ಬಂದಿಲ್ಲ. ಮೇಸ್ತ್ರಿ ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಮ್ಮದು ಅದಿರಿನ ಗುಡ್ಡ. ಫೋನಿನ ಹೊಟ್ಟೆಗೆ ಬೇಕಾದ ಕಪ್ಪು ಅದಿರು ಇಲ್ಲಿ ಸಿಗುತ್ತದೆ. ಅದು ಬಂಡೆಯ ನಡುವೆ ಸಣ್ಣ ಎಳೆಯಾಗಿ ಓಡುತ್ತದೆ, ಅದರ ಬೆನ್ನು ಹಿಡಿದು ಹೋಗುವ ಬಿಲವೂ ಸಣ್ಣದೇ. ಬಿಲವನ್ನು ದೊಡ್ಡದು ಮಾಡಿದರೆ ಖರ್ಚು ಹೆಚ್ಚು. ಆಳನ್ನು ಚಿಕ್ಕದು ಮಾಡಿಕೊಂಡರೆ ಖರ್ಚು ಕಡಿಮೆ. ಹಾಗಾಗಿ ಬಿಲದ ಬಾಯಿಯ ಮೇಲಿನ ತೊಲೆಗೆ ಒಂದು ಕಬ್ಬಿಣದ ಉಂಗುರ ಕಟ್ಟಿದ್ದರು. ನಾವು ಅದನ್ನು ಬಳೆ ಅನ್ನುತ್ತಿದ್ದೆವು. ತಿಂಗಳ ಮೊದಲ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಬಳೆಯಲ್ಲಿ ತೂರಿಸುತ್ತಿದ್ದರು. ತೂರಿದವರು ಬಿಲಕ್ಕೆ, ಸಿಕ್ಕಿಕೊಂಡವರು ಸುತ್ತಿಗೆ ಹಿಡಿದು ಕಲ್ಲು ಒಡೆಯುವುದಕ್ಕೆ. ತುಂಬಿದ ಬುಟ್ಟಿ ಎಳೆಯಲಾರದಷ್ಟು ಎಳೆಯವರು ಮಾತ್ರ ಜರಡಿ ಹಿಡಿಯುವ ನಮ್ಮಂಥ ಅಮ್ಮಂದಿರ ಪಕ್ಕದಲ್ಲಿ ಇರುತ್ತಿದ್ದರು.

ನಾವೂ ಸುಮ್ಮನೆ ಕೂರುತ್ತಿರಲಿಲ್ಲ. ಬಳೆಯ ದಿನ ಬೆಳಿಗ್ಗೆ ಮಕ್ಕಳಿಗೆ ಚೊಂಬುಗಟ್ಟಲೆ ನೀರು ಕುಡಿಸಿ ಹೊಟ್ಟೆ ಉಬ್ಬಿಸುತ್ತಿದ್ದೆವು. ಅಂಗಿಯ ಮೇಲೆ ಅಂಗಿ ತೊಡಿಸುತ್ತಿದ್ದೆವು. ಮೇಸ್ತ್ರಿ ಅಂಗಿ ಬಿಚ್ಚಿಸಿ, “ಉಸಿರು ಬಿಡೋ, ಪೂರ್ತಿ ಬಿಡೋ,” ಅಂದು ಹಿಂದಿನಿಂದ ತಳ್ಳುತ್ತಿದ್ದ. ನನ್ನ ಮಗನಿಗಂತೂ ನೀರು ಕುಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅವನನ್ನು ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಕಡ್ಡಿಯ ಕಾಲು ಕತ್ತರಿಸಿದ ಮೇಲೆ ಮೇಸ್ತ್ರಿಯ ಕಣ್ಣು ನನ್ನ ಮಗಳ ಮೇಲೆ ಬಿತ್ತು. ಅವಳ ಹೆಸರು ಕಾಳು, ಹುಟ್ಟಿದಾಗ ಅಷ್ಟೇ ಇದ್ದಳು. ಒಂದು ದಿನ ಅವಳು ನನ್ನ ಬುಟ್ಟಿಯನ್ನು ಆಟಕ್ಕೆಂದು ಎಳೆದುಕೊಂಡು ಹೋಗುವುದನ್ನು ಅವನು ನೋಡಿಬಿಟ್ಟ.

“ಪರ್ವಾಗಿಲ್ವೇ, ಕತ್ತೆಮರಿಗೆ ಕಸುವಿದೆ! ಬರೋ ತಿಂಗಳು ಇವಳೂ ಸಾಲಿಗೆ ನಿಲ್ಲಲಿ. ಅಣ್ಣ ಕಳೆದ ದೀಪದ ದುಡ್ಡು ತಂಗಿ ತೀರಿಸ್ತಾಳೆ.”

ಕೋರ್ಟಿನವರು ಬಂದದ್ದು ಆ ವಾರವೇ. ಇಲ್ಲಿಯ ಕೋರ್ಟಲ್ಲ, ಸಮುದ್ರದ ಆಚೆಯದು. ಎಲ್ಲ ದೇಶಗಳೂ ಸೇರಿ ಕಟ್ಟಿದ್ದಂತೆ. ಯಾವ ದೊರೆಯನ್ನಾದರೂ ಕರೆಸಿ ಕೇಳುವ ಅಧಿಕಾರ ಅದಕ್ಕಿದೆಯಂತೆ. ಅಲ್ಲಿಂದ ಬಂದ ಹೆಂಗಸಿಗೆ ನಾವು ಕೋರ್ಟಮ್ಮ ಎಂದು ಹೆಸರಿಟ್ಟೆವು. ಒಳ್ಳೆಯವಳು. ನಮ್ಮ ಮಾತು ಕಲಿತೇ ಬಂದಿದ್ದಳು. ಪುಸ್ತಕದಿಂದ ಕಲಿತಿದ್ದರಿಂದ ಪುಸ್ತಕದ ಹಾಗೇ ಆಡುತ್ತಿದ್ದಳು.

“ತಾಯಿ, ಹಾನಿಗೊಳಗಾದವರು ಮಕ್ಕಳೆಂದು ಸಾಬೀತಾದರೆ ನ್ಯಾಯಾಲಯವು ಈ ಬಿಲವನ್ನು ಕೂಡಲೇ ಮುಚ್ಚಿಸಬಲ್ಲದು.”

“ಬರೋ ತಿಂಗಳ ಒಳಗೆ?”

“ಅದಕ್ಕೂ ಮೊದಲೇ ಆಗಬಹುದು.”

ನನಗೆ ಬೇಕಾದದ್ದು ಅಷ್ಟೇ. ದೊರೆಗಳನ್ನು ಕರೆಸಿ ಕೇಳುವುದು ಅವರ ಇಷ್ಟ.

ಕೋರ್ಟಮ್ಮ ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು ಬಣ್ಣದ ಪೆನ್ಸಿಲು ಹಂಚಿದಳು. ಕ್ಯಾಮೆರಾ ಹಚ್ಚಿದಳು. ಕಡ್ಡಿಯ ಕಡೆಗೆ ಬಗ್ಗಿ ಮೃದುವಾಗಿ ಕೇಳಿದಳು. “ನಿನಗೆ ಎಷ್ಟು ವರ್ಷ, ಮಗು?”

ಕಡ್ಡಿ ಅವಳ ಬೂಟು ನೋಡಿದ. ಮುಂದಿನ ಎರಡು ಹಾಲುಹಲ್ಲು ಬಿದ್ದ ಸಂದಿಯಿಂದ ಗಾಳಿ ಊದುತ್ತಾ ಹೇಳಿದ. “ಹದಿನೆಂಟು.”

ಪಕ್ಕದವನು ಹದಿನೆಂಟು ಅಂದ. ಅವನ ಪಕ್ಕದವಳೂ ಹದಿನೆಂಟು. ಮೂಗು ಒರೆಸಿಕೊಳ್ಳಲು ಬಾರದ ಒಂದು ಕೂಸು ಯಾರೂ ಕೇಳದೆಯೇ ಎದ್ದು ನಿಂತು ಹದಿನೆಂಟು ಎಂದು ಕೂಗಿ ಕೂತಿತು.

ತಪ್ಪು ನಮ್ಮದೇ. ಹಿಂದೆ ಒಬ್ಬ ಇನ್ಸ್‌ಪೆಕ್ಟರ್ ಬಂದು ಮಕ್ಕಳ ವಯಸ್ಸು ಕೇಳಿ ಬರೆದುಕೊಂಡು ಹೋಗಿದ್ದ. ಕಂಪನಿಗೆ ಏನೂ ಆಗಲಿಲ್ಲ. ಎಂಟು, ಒಂಬತ್ತು ಎಂದ ಮಕ್ಕಳ ಮನೆಯವರನ್ನೆಲ್ಲ ಸಾಮಾನು ಸಮೇತ ರಸ್ತೆಗೆ ಎಸೆದರು. ಅಂದಿನಿಂದ ನಮ್ಮ ಮಕ್ಕಳು ಅಮ್ಮ ಅನ್ನುವುದನ್ನು ಕಲಿತ ಮೇಲೆ ಕಲಿಯುವ ಎರಡನೆಯ ಮಾತು ಇದೇ. ಬೂಟು ಹಾಕಿದವರು ಯಾರು ಏನು ಕೇಳಿದರೂ ಹದಿನೆಂಟು. ಕೋರ್ಟಮ್ಮನೂ ಬೂಟು ಹಾಕಿಕೊಂಡೇ ಬಂದಿದ್ದಳು.

“ಅಯ್ಯೋ ಮುಂಡೇವಾ, ಇವತ್ತು ನಿಜ ಹೇಳ್ರೋ!” ಎಂದು ದೊಡ್ಡಕ್ಕ ಬಾಯಿ ಬಡಿದುಕೊಂಡಳು. ದೊಡ್ಡಕ್ಕ ನಮ್ಮ ಜರಡಿ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು. ಅವಳ ಬಾಯಿಗೆ ಮೇಸ್ತ್ರಿಯೂ ಹೆದರುತ್ತಿದ್ದ.

ಮಕ್ಕಳು ನಗಾಡಿದರು. ಇದೂ ಪರೀಕ್ಷೆ ಅಂದುಕೊಂಡರು. ಇನ್ನೂ ಜೋರಾಗಿ ಹದಿನೆಂಟು ಎಂದರು.

ವಿಚಾರಣೆ ನಡೆದದ್ದು ಪೇಟೆಯಲ್ಲಿ, ಕುರ್ಚಿ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ. ಗೋಡೆಯಷ್ಟಗಲದ ಟೀವಿಯಲ್ಲಿ ಮೂವರು ನ್ಯಾಯಾಧೀಶರು ಕಪ್ಪು ನಿಲುವಂಗಿ ತೊಟ್ಟು ಕೂತಿದ್ದರು. ಆಗಾಗ ಚಿತ್ರ ನಿಂತುಹೋಗಿ ನಡುವಿನವರ ಬಾಯಿ ತೆರೆದಂತೆಯೇ ಉಳಿಯುತ್ತಿತ್ತು. ಆಗ ಎಲ್ಲರೂ ಗೌರವದಿಂದ ಕಾಯುತ್ತಿದ್ದರು. ಕಡ್ಡಿ ತನ್ನ ಗಾಲಿ ಹಲಗೆಯ ಮೇಲೆ ಕೂತು ಮೈಕು ಊದುತ್ತಿದ್ದ.

ಕಂಪನಿಯ ಲಾಯರು ಸಭ್ಯಸ್ಥ. ನನಗೆ ಕುರ್ಚಿ ಎಳೆದುಕೊಟ್ಟೇ ಮಾತು ಶುರು ಮಾಡಿದ.

“ತಾಯಿ, ನಿಮ್ ಮಗ ಕ್ಯಾಮೆರಾ ಮುಂದೆ ಹದಿನೆಂಟು ಅಂದಿದಾನೆ. ಎಲ್ಲಾ ಮಕ್ಕಳೂ ಅದೇ ಹೇಳಿದಾರೆ. ಅಲ್ವಾ?”

“ನಾವು ಕಲಿಸಿದ್ದು ಸ್ವಾಮಿ.”

“ಅಂದ್ರೆ ಸುಳ್ಳು ಹೇಳೋದು ಕಲಿಸಿದ್ರಿ?”

“ಹೌದು.”

“ಹಾಗಾದ್ರೆ ಇವತ್ತು ನೀವು ಹೇಳ್ತಿರೋದನ್ನ ಯಾರು ಕಲಿಸಿದ್ದು?” ಅವನು ಕೋರ್ಟಮ್ಮನ ಕಡೆ ನೋಡಿ ನಕ್ಕ.

“ಅವನ ಬಾಯಿ ನೋಡಿ. ಹಾಲುಹಲ್ಲು ಈಗ ಬೀಳ್ತಿವೆ.”

“ಗಣಿ ಕೆಲಸದಲ್ಲಿ ಹಲ್ಲು ಯಾವಾಗ್ ಬೇಕಾದ್ರೂ ಉದುರುತ್ತೆ ತಾಯಿ. ನಮ್ ಡಾಕ್ಟ್ರು ನೋಡಿದಾರೆ. ಹೊಟ್ಟೆಗೆ ಸರಿಯಾಗಿಲ್ದೆ ಇವರು ಬೆಳೆದೇ ಇಲ್ಲ, ಪಾಪ. ಹಸಿದ ಹದಿನೆಂಟು ನೋಡೋಕೆ ಎಂಟರ ಥರಾನೇ ಇರುತ್ತೆ.” ಅಷ್ಟು ಹೇಳಿ ಅವನು ಕಡ್ಡಿಗೆ ಒಂದು ಬಿಸ್ಕತ್ತು ಕೊಟ್ಟ. ಕಡ್ಡಿ ತಿಂದ.

ಆಗ ನಾನು ಹೊದ್ದಿದ್ದ ಕಂಬಳಿ ತೆಗೆದೆ. ಬಳೆಯನ್ನು ಹೆಗಲಿಗೆ ನೇತುಹಾಕಿಕೊಂಡು ಬಂದಿದ್ದೆ. ಬೆಳಿಗ್ಗೆ ಮೇಸ್ತ್ರಿ ಟೀ ಕುಡಿಯಲು ಹೋದಾಗ ದೊಡ್ಡಕ್ಕ ತೊಲೆ ಹತ್ತಿ ಬಿಚ್ಚಿಕೊಟ್ಟಿದ್ದಳು. ಅದನ್ನು ಲಾಯರ ಮೇಜಿನ ಮೇಲೆ, ಅವನ ನೀರಿನ ಬಾಟಲಿಯ ಪಕ್ಕ ಇಟ್ಟೆ.

“ಸ್ವಾಮಿ, ಬಿಲಕ್ಕೆ ಇಳಿಯೋರೆಲ್ಲ ಇದರಲ್ಲಿ ತೂರಬೇಕು. ನಿಮಗೂ ಹದಿನೆಂಟು ತುಂಬಿದೆ ತಾನೆ? ಎರಡೂ ಭುಜ ತೂರಿಸಿ, ನಾನು ಕೇಸು ಬಿಟ್ಟು ಮನೆಗೆ ಹೋಗ್ತೀನಿ.”

“ತೂರಪ್ಪಾ, ನಾ ಹಿಂದಿನಿಂದ ತಳ್ತೀನಿ!” ಎಂದಳು ಹಿಂದಿನ ಸಾಲಿನಿಂದ ದೊಡ್ಡಕ್ಕ. ಕಡ್ಡಿ ಮೈಕಿನೊಳಗೇ ನಕ್ಕುಬಿಟ್ಟ. ನಗು ಸಮುದ್ರ ದಾಟಿ ಹೋಗಿ ನ್ಯಾಯಾಧೀಶರ ಮುಖದ ಮೇಲೆ ಸ್ವಲ್ಪ ತಡವಾಗಿ ಮೂಡಿತು.

ಲಾಯರು ಆಕ್ಷೇಪಣೆ ಎಂದ. ನ್ಯಾಯಾಧೀಶರು ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಮಾತಾಡಿದರು. ಕೊನೆಗೆ ನಡುವಿನವರು ಹೇಳಿದ್ದನ್ನು ಕೋರ್ಟಮ್ಮ ಓದಿ ಹೇಳಿದಳು.

“ಈ ವಸ್ತುವನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗಿದೆ. ಬಾಲಕನ ಧೈರ್ಯವನ್ನು ನ್ಯಾಯಾಲಯವು ಮೆಚ್ಚುತ್ತದೆ.” ಅವಳ ಕಣ್ಣಲ್ಲಿ ನೀರಿತ್ತು.

ಕೈಗವಸು ತೊಟ್ಟ ಒಬ್ಬ ಬಂದು ಬಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಟಿಸಿ ಒಯ್ದ. ನನಗೊಂದು ರಶೀದಿ ಕೊಟ್ಟ.

“ಬಿಲ ಮುಚ್ಚಿಸ್ತಾರಾ ಹಾಗಾದ್ರೆ?” ಎಂದು ಕೋರ್ಟಮ್ಮನನ್ನು ಕೇಳಿದೆ.

“ತಜ್ಞರು ಬಳೆಯನ್ನೂ ಬಿಲವನ್ನೂ ಅಳೆದ ಬಳಿಕ ಆ ವಿಷಯವನ್ನು ಪರಿಗಣಿಸಲಾಗುವುದು.”

“ತಜ್ಞರು ಯಾವಾಗ ಬರ್ತಾರೆ?”

“ಮುಂದಿನ ಅಧಿವೇಶನದ ನಂತರ. ವರ್ಷದೊಳಗೆ ಖಂಡಿತ.”

“ಒಳ್ಳೇದಾಯ್ತು ಬಿಡೇ,” ಎಂದಳು ದೊಡ್ಡಕ್ಕ ನನಗೆ. “ಅಷ್ಟ್ರಲ್ಲಿ ನಿನ್ ಕಾಳುಗೆ ನಿಜವಾಗ್ಲೂ ಹದಿನೆಂಟಾಗಿರುತ್ತೆ.”

ಬಳೆ ಇಲ್ಲದೆ ಮೇಸ್ತ್ರಿ ಏನು ಮಾಡಿಯಾನು, ಅದೊಂದು ಧೈರ್ಯ ನಮಗಿತ್ತು. ಮರುದಿನವೇ ತಿಂಗಳ ಮೊದಲ ದಿನ. ಗುಡ್ಡಕ್ಕೆ ಹೋದಾಗ ಅವನಿಗೆ ಸಿಟ್ಟೇ ಇರಲಿಲ್ಲ.

“ತಗೊಂಡ್ ಹೋದ್ರಾ? ತಗೊಂಡ್ ಹೋಗಿ. ಮಣ್ಣು ಕುಸಿದ ಮೇಲೆ ಬಿಲ ಇನ್ನೂ ಕಿರಿದಾಗಿದೆ, ಹಳೇ ಬಳೆ ಹೇಗೂ ದೊಡ್ಡದಾಗಿತ್ತು. ನಾನೇ ಬಿಸಾಕಬೇಕಿತ್ತು.”

ಅವನ ಒಂದು ಕೈಯಲ್ಲಿ ಹೊಸ ಬಳೆಗೆಂದು ತಂದ ಬೆರಳು ದಪ್ಪದ ಕಬ್ಬಿಣದ ಸರಳಿತ್ತು. ಇನ್ನೊಂದು ಕೈಯಲ್ಲಿ ಹಗ್ಗದ ತುಂಡು. ಕಾಳುವನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡ. ಹಗ್ಗವನ್ನು ಅವಳ ಭುಜ, ತೋಳು ಎಲ್ಲ ಸೇರಿಸಿ ಸುತ್ತಿದ. ದರ್ಜಿ ಅಂಗಿಗೆ ಅಳತೆ ತೆಗೆಯುತ್ತಾನಲ್ಲ, ಹಾಗೆ. ಅವಳಿಗೂ ಹೊಸ ಅಂಗಿಯೇ ಬರುತ್ತದೆ ಅನ್ನಿಸಿರಬೇಕು, ನೆಟ್ಟಗೆ ನಿಂತಿದ್ದಳು.

“ಉಸಿರು ಬಿಡೇ. ಇನ್ನೂ ಬಿಡು. ಹಾಂ, ಜಾಣೆ.”

ನಾನು ಏನನ್ನೂ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಕೂಲಿ ನೆನಪಾಗುತ್ತಿತ್ತು. ಕಾಳುವಿನ ಕೈ ಹಿಡಿದು ಹಗ್ಗದಿಂದ ಎಳೆದುಕೊಂಡೆ. ಆಮೇಲೆ ನನ್ನ ಬುಟ್ಟಿ ಎತ್ತಿಕೊಂಡೆ. ಜರಡಿ ಹಿಡಿದ ಮೇಲೆ ಉಳಿಯುವ ಕಲ್ಲುಪುಡಿಯನ್ನು ದಿನವೂ ಬಿಲದಿಂದ ದೂರ ಹೊತ್ತು ಹಾಕುವುದು ನಮ್ಮ ಕೆಲಸ. ವರ್ಷಗಳಿಂದ ಹೊತ್ತು ಹಾಕಿದ್ದು ಇನ್ನೊಂದು ಗುಡ್ಡವೇ ಆಗಿತ್ತು. ಅಲ್ಲಿಂದ ಒಂದು ಬುಟ್ಟಿ ತುಂಬಿಕೊಂಡು ಬಂದು ಬಿಲದ ಬಾಯಿಗೆ ಸುರಿದೆ.

“ಏಯ್, ಒಳಗೆ ಯಾರಾದ್ರೂ ಇದಾರೇನೇ?” ದೊಡ್ಡಕ್ಕ ಕೂಗಿ ಕೇಳಿದಳು.

“ಯಾರೂ ಇಲ್ಲ. ಬಳೆ ಇಲ್ದೆ ಇವತ್ತು ಯಾರೂ ಇಳಿದಿಲ್ಲ.”

“ಹಾಗಾದ್ರೆ ಸರಿ.” ಅವಳೂ ಒಂದು ಬುಟ್ಟಿ ತಂದಳು.

ಆಮೇಲೆ ಜರಡಿ ಸಾಲಿನ ಹೆಂಗಸರೆಲ್ಲ ಎದ್ದರು. ಹೊರಗೆ ಹೋಗುತ್ತಿದ್ದ ಬುಟ್ಟಿಗಳು ಅವತ್ತು ಒಳಗೆ ಬಂದವು. ಕಡ್ಡಿ ಹಲಗೆಯ ಮೇಲೆ ಕೂತೇ ಎರಡೂ ಕೈಯಲ್ಲಿ ಕಲ್ಲು ನೂಕಿದ.

“ನಿಮ್ಮವ್ವನ್, ನಿಲ್ಸ್ರೇ! ಹಾದರಗಿತ್ತೀರಾ! ಮಾಲೀಕರಿಗೆ ಏನ್ ಹೇಳ್ಲಿ ನಾನು?” ಮೇಸ್ತ್ರಿ ಸರಳು ಎತ್ತಿದ.

“ಹದಿನೆಂಟು ಅಂತ ಹೇಳೋ ಸೂಳೆಮಗನೆ!” ಎಂದು ದೊಡ್ಡಕ್ಕ ಅವನ ಪಾದದ ಮೇಲೆ ಬುಟ್ಟಿ ಮಗುಚಿದಳು. ಅವನು ಕಾಲು ಕೀಳುವಷ್ಟರಲ್ಲಿ ಮತ್ತಿಬ್ಬರು ಬಂದು ಸುರಿದರು.

ಸಂಜೆಗೆ ಬಿಲ ಎಲ್ಲಿತ್ತೆಂದು ಕೇಳಿದರೆ ಕೈ ಮಾಡಿ ತೋರಿಸಬೇಕಾಗಿತ್ತು.

ನಮ್ಮನ್ನು ಓಡಿಸಿದರು. ಅದು ಗೊತ್ತಿದ್ದದ್ದೇ. ಈಗ ರಸ್ತೆಬದಿಯಲ್ಲಿ, ಲಾರಿ ನಿಲ್ಲುವ ಜಾಗದ ಹಿಂದೆ ಟಾರ್ಪಾಲಿನ ಕೆಳಗೆ ಇದ್ದೇವೆ. ಕೋರ್ಟಮ್ಮ ಹುಡುಕಿಕೊಂಡು ಅಲ್ಲಿಗೂ ಬಂದಳು. ಕೈಯಲ್ಲಿ ಒಂದು ಲಕೋಟೆ.

“ತಾಯಿ, ನನಗೆ ಅತೀವ ವಿಷಾದವಿದೆ. ನೀವು ಬಿಲವನ್ನು ಮುಚ್ಚಿದ್ದೀರಿ ಎಂದು ಕಂಪನಿಯು ದೂರು ನೀಡಿದೆ. ಅದು ಅಪರಾಧ ನಡೆದ ಸ್ಥಳವಾಗಿತ್ತು. ತಜ್ಞರು ಈಗ ಏನನ್ನು ಅಳೆಯಬೇಕು? ಸಾಕ್ಷ್ಯ ನಾಶಕ್ಕೆ ನೀವು ಉತ್ತರ ಕೊಡಬೇಕಾಗುತ್ತದೆ.”

“ಮುಚ್ಚಿಸಿ ಅಂತ ನಿಮ್ಮನ್ನೇ ಕೇಳಿದ್ನಲ್ಲಮ್ಮಾ.”

“ಹೌದು,” ಎಂದಳು. ಲಕೋಟೆಯನ್ನು ನನ್ನ ಕೈಗಿಟ್ಟಳು. ಕೆಟ್ಟವಳಲ್ಲ. ಹೊರಡುವ ಮುಂಚೆ ಕಾಳುವಿನ ಮುಂದೆ ಕೂತು, ಸುಮ್ಮನೆ ಮಾತಿಗೆ ಕೇಳುವ ಹಾಗೆ ಕೇಳಿದಳು. “ನಿನಗೆ ಎಷ್ಟು ವರ್ಷ, ಪುಟ್ಟಿ?”

ಕಾಳು ಅವಳ ಬೂಟು ನೋಡಿದಳು.

“ಹದಿನೆಂಟು.”

ಕಳಕೊಂಡದ್ದು ಇಷ್ಟು: ಕಡ್ಡಿಯ ಎಡಗಾಲು, ಎಲ್ಲರ ಕೂಲಿ, ತಗಡಿನ ಮನೆ, ಬಹುಶಃ ಕೇಸೂ. ಬಳೆ ಸಮುದ್ರದಾಚೆ ಒಂದು ಕಪಾಟಿನಲ್ಲಿದೆಯಂತೆ, ಅದರ ರಶೀದಿ ನನ್ನ ಹತ್ತಿರ ಇದೆ. ಗಳಿಸಿದ್ದು ಒಂದೇ. ಕಾಳು ಬಿಲಕ್ಕೆ ಇಳಿಯಲಿಲ್ಲ.