ತೊಳೆದು ಕೊಟ್ಟ ಸ್ಟಾರ್ಟರ್‌ಗಳು

ಲಾರಿಯ ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಹೊಸದು ಅಂದರೆ ಹನ್ನೆರಡು ಸಾವಿರ. ಹಳೆಯದನ್ನೇ ಬಿಚ್ಚಿ ಸರಿಮಾಡಿದ್ದು ಐದು ಸಾವಿರಕ್ಕೆ ಸಿಗುತ್ತದೆ, ಮೇಲೆ ಎರಡು ಸಾವಿರ ಠೇವಣಿ. ಕೆಟ್ಟದ್ದನ್ನು ಕಂಪನಿಗೆ ತಿರುಗಿಸಿದರೆ ಠೇವಣಿ ವಾಪಸು. ಗುಜರಿಗೆ ಹಾಕಿದರೆ ಮುನ್ನೂರು. ಗಣಿ ಲಾರಿಗಳ ಊರು ಕುಡಚಡೆಯ ಗ್ಯಾರೇಜುಗಳಿಂದ ಕೆಟ್ಟ ಸ್ಟಾರ್ಟರ್‌ಗಳನ್ನು ವೆರ್ಣಾದಲ್ಲಿನ ಕಂಪನಿಯ ಗೋದಾಮಿಗೆ ಮುಟ್ಟಿಸುವುದು ಲಚ್ಚಪ್ಪನ ಟೆಂಪೊದ ಕೆಲಸ. ನಡುವೆ ಏನಾದರೂ ಆದರೆ ಠೇವಣಿ ಅವನ ತಲೆಯ ಮೇಲೆ.

ಅಂದು ಭಾನುವಾರ, ಗೋದಾಮಿಗೆ ರಜೆ. ಮೂವತ್ತು ಸ್ಟಾರ್ಟರ್ ಮನೆಯಂಗಳದಲ್ಲಿ ಇಳಿದವು. ಎಣ್ಣೆ, ಗಣಿಯ ಕೆಂಪು ಧೂಳು ಮೆತ್ತಿ ಗುರುತೇ ಸಿಗದಂತಿದ್ದವು. ಲಚ್ಚಪ್ಪ ಪೇಟೆಗೆ ಹೋದೊಡನೆ ಹೆಂಡತಿ ದುರ್ಗಾಬಾಯಿ ಸೀಮೆಎಣ್ಣೆ, ಸೋಪಿನ ಪುಡಿ, ತೆಂಗಿನ ನಾರು ಹಿಡಿದು ನಳದ ಕೆಳಗೆ ಕೂತಳು. ಮೈಗೆ ಅಂಟಿದ್ದ ಕಾಗದದ ಚೂರುಗಳು ನೊರೆಯೊಡನೆ ಮೋರಿಗೆ ಹೋದವು.

ಲಚ್ಚಪ್ಪ ಬಂದು ನೋಡಿ ಹಿಗ್ಗಿದ. "ಏ, ಹೊಸಾವ ಇದ್ದಂಗ ಕಾಣ್ತಾವಲ್ಲಲೇ! ನಾಳೆ ನೀನೂ ಬಾ, ನೋಡಿ ಏನಂತಾರ ಕೇಳು."

ಮರುದಿನ ಗೋದಾಮಿನ ಅನಿಕೇತ ಒಂದನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಳಗಾವಿಯ ಹುಡುಗ.

"ಲಚ್ಚಪ್ಪಣ್ಣಾ, ಮದಲಗಿತ್ತಿ ಹಂಗ ಸಿಂಗಾರ ಮಾಡಿ ತಂದೀರಲ್ರಿ! ಇದರ ಚೀಟಿ ಎಲ್ಲೈತಿ?"

"ಯಾವ ಚೀಟಿ?"

"ನಂಬರಿನ ಚೀಟಿ. ಅದಿಲ್ಲಂದ್ರ ಯಾವ್ದು ಯಾರ್ದಂತ ಹೆಂಗ ಹೇಳ್ಲಿ? ಒಳಗ ನೀರೂ ಹೊಕ್ಕೈತಿ. ತಗೊಳ್ಳಾಕ ಬರಂಗಿಲ್ರಿ."

ದುರ್ಗಾಬಾಯಿ ಮುಂದೆ ಬಂದಳು. "ತಮ್ಮಾ, ಇಸ್ಕೊಂಡ ಪಾತ್ರಿ ಹೊಲಸ ಇಟ್ಟು ತಿರುಗಿ ಕೊಡ್ತಾರೇನಪ್ಪಾ?"

ಅನಿಕೇತನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. ಮೇಲಿನವರಿಗೆ ಫೋನ್ ಮಾಡಿದ, ಬೇಡಿಕೊಂಡ; ಅವರು ಒಪ್ಪಲಿಲ್ಲ. ಮೂವತ್ತೂ ಮತ್ತೆ ಟೆಂಪೊ ಹತ್ತಿದವು.

ಕುಡಚಡೆಯ ಒಂದು ಗ್ಯಾರೇಜಿನ ಮಲಿಕಸಾಬ ಒಳ್ಳೆಯ ಮನುಷ್ಯ. "ತಂಗಿ, ನಿನ್ನ ಕೈ ಚಲೋ, ಮನಸೂ ಚಲೋ. ಆದ್ರ ನಮ್ಮ ಠೇವಣಿ ರೊಕ್ಕ?" ಅಂದ. ತಿಂಗಳು ಕಾದ. ಉಳಿದ ಗ್ಯಾರೇಜಿನವರು ವಾರವೂ ಕಾಯಲಿಲ್ಲ.

ಲಚ್ಚಪ್ಪ ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಟೆಂಪೊ ಮಾರಿದ ದಿನ ಅವನು ಉಂಡು ಎದ್ದ. ತಾಟಿಗೆ ಅವಳು ಕೈ ಚಾಚಿದಾಗ, "ಇರ್ಲಿ ಬಿಡು, ನಾನ ತೊಳಕೋತೀನಿ" ಅಂದ, ಮೆತ್ತಗೆ. ಅಂದಿನಿಂದ ಅವನ ತಾಟು ಅವನೇ ತೊಳೆಯುತ್ತಾನೆ.

ಈಗ ಅವನು ಕುಡಚಡೆ ಸ್ಟೇಷನ್ನಿನಲ್ಲಿ ಬೇರೆಯವರ ಗಾಡಿಗೆ ಮೂಟೆ ಹೊರುತ್ತಾನೆ. ಸ್ಟಾರ್ಟರ್‌ಗಳಿಗೆ ಗುಜರಿಯಲ್ಲಿ ಒಂಬತ್ತು ಸಾವಿರ ಬಂತು. ಠೇವಣಿ ಅರವತ್ತು ಸಾವಿರ ಹೋಯಿತು. ಟೆಂಪೊ ಹೋಯಿತು.