ಹೇಮಶ್ರೀಯ ಇನ್ನೂರ ಹದಿನಾಲ್ಕು ಟಿಪ್ಪಣಿಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಈ ಸಲ ಮಾತ್ರ ತಪ್ಪು ಮಾಡಿದವಳು ನಾನೇ ಆದ್ದರಿಂದ ಯಾರ ಮೇಲೆ ಹರಿಹಾಯಬೇಕೆಂದು ತಿಳಿಯಲಿಲ್ಲ.

ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ, ಸೀನು ಅವರ ಮನೆಯ ಮಹಡಿಯ ಮೇಲೆ, ನಮ್ಮದೊಂದು ಕೋಣೆಯಿದೆ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವುದು ಅಲ್ಲಿನ ಕೆಲಸ. ತರಕಾರಿ ಗಾಡಿಯ ಮೈಕು ಒಳಗೆ ಬರದಿರಲೆಂದು ಕಿಟಕಿಗೆ ಹಳೇ ರಜಾಯಿ ಹೊಡೆದಿದ್ದೇವೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಎಂಟು ವರ್ಷದಿಂದ ನಾನು ಓದುತ್ತೇನೆ, ಸೀನು ಅವರು ರೆಕಾರ್ಡಿಂಗ್ ನೋಡಿಕೊಳ್ಳುತ್ತಾರೆ. ಓದಿದ್ದೆಲ್ಲ ಮೂಲೆಯಲ್ಲಿರುವ ಒಂದು ಹಳೇ ಕಂಪ್ಯೂಟರಿಗೆ ಸೇರುತ್ತದೆ. ಕೇಳುಗರು ತಮ್ಮ ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಕೇಳುತ್ತಾರೆ.

ಆ ಕಂಪ್ಯೂಟರಿನ ಉಸಾಬರಿಯೆಲ್ಲ ಶಶಿಧರನದು. ಬಿಟಿಎಂ ಲೇಔಟಿನ ಸಾಫ್ಟ್‌ವೇರ್ ಇಂಜಿನಿಯರು, ಪ್ರತಿ ಭಾನುವಾರ ಬಂದು ಪುಕ್ಕಟೆ ಮಾಡಿಕೊಡುತ್ತಿದ್ದ. ಅವನಿಗೆ ಅವಳಿ ಮಕ್ಕಳಾದವು. ಇನ್ನು ಬರಲಾಗುವುದಿಲ್ಲ ಎಂದು, ಹೊಸದೊಂದು ಟೂಲ್ ಹಾಕಿ ನನಗೆ ಕಲಿಸಲು ಕೂತ.

"ಆಂಟಿ, ಇದು ತುಂಬಾ ಹಗುರ. ಹಳೇ ಕಂಪ್ಯೂಟರ್‌ಗೂ ಭಾರ ಆಗಲ್ಲ. ಕಂಟೇನರ್ ಅಂದ್ರೆ ಡಬ್ಬ ಅನ್ಕೊಳ್ಳಿ. ಒಂದು ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನು, ಎಲ್ಲಾ ಒಂದೇ ಡಬ್ಬದಲ್ಲಿ. ಒಂದು ಕೆಟ್ರೆ ಪಕ್ಕದ್ದಕ್ಕೆ ಏನೂ ಆಗಲ್ಲ."

"ಇಲ್ಲಿ ಮೂರಿದ್ಯಲ್ಲೋ?"

"ಒಂದು ಪುಸ್ತಕಕ್ಕೆ, ಒಂದು ಕೇಳೋರ ಪೇಜ್‌ಗೆ, ಇನ್ನೊಂದು ಅವರೇ ಮಾತಾಡಿ ಇಡೋ ಟಿಪ್ಪಣಿಗೆ. ಡಬ್ಬ ಹಾಳಾದ್ರೆ ಬಿಸಾಕಿ, ಒಂದೇ ನಿಮಿಷಕ್ಕೆ ಹೊಸದು ಮಾಡ್ಬಹುದು. ರೆಕಾರ್ಡಿಂಗ್ ಮಾತ್ರ ಡಬ್ಬದ ಹೊರಗೆ, ವಾಲ್ಯೂಮ್ ಅಂತ ಬೇರೆ ಜಾಗದಲ್ಲಿರತ್ತೆ. ಅದನ್ನ ಮುಟ್ಬೇಡಿ."

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಗಂಟೆಯಲ್ಲಿ ಡಬ್ಬ ನಿಲ್ಲಿಸುವುದು, ಶುರುಮಾಡುವುದು, ಕೆಡವಿ ಕಟ್ಟುವುದು ಎಲ್ಲಾ ಬಂದವು. ವಾಕಿಂಗಿಗೆ ಬರುವ ಗೆಳತಿಯರ ಮುಂದೆ ಒಂದು ವಾರ ಅದನ್ನೇ ಕೊಚ್ಚಿಕೊಂಡೆ, ಪಾಪ ಅವರು ಸಹಿಸಿಕೊಂಡರು.

ಆಮೇಲೆ ಆಯುಧಪೂಜೆ ಬಂತು. ನಮ್ಮಲ್ಲಿ ಪೂಜೆಗಿಟ್ಟ ಸಾಮಾನನ್ನು ಆ ದಿನ ಯಾರೂ ಬಳಸುವುದಿಲ್ಲ. ಕತ್ತರಿ, ಈಳಿಗೆಮಣೆ, ಕಾರು ಎಲ್ಲಕ್ಕೂ ರಜೆ. ಕಂಪ್ಯೂಟರಿಗೆ ಕುಂಕುಮವಿಟ್ಟು ಒಳಗೆ ಮಾತ್ರ ಅದನ್ನು ದುಡಿಸುತ್ತಿದ್ದರೆ ಅದೆಂಥ ಪೂಜೆ? ಮೂರೂ ಡಬ್ಬಗಳನ್ನು ನಿಲ್ಲಿಸಿದೆ. ಪೂಜೆಗೆ ಮುಂಚೆ ಧೂಳು ಹೊಡೆಯಬೇಕಲ್ಲ, ಕೀಬೋರ್ಡ್ ಒರೆಸಿದೆ, ವೈರುಗಳ ಹಿಂದಿನ ಜೇಡರ ಬಲೆ ತೆಗೆದೆ. ಪರದೆಯ ಮೇಲೆ, ಬಳಕೆಯಲ್ಲಿಲ್ಲದ್ದನ್ನು ತೆಗೆಯುವ ಗುಂಡಿಯೊಂದು ಕಾಣಿಸಿತು. ಒಳಗೂ ಒಂದು ಸಲ ಗುಡಿಸಿಬಿಡೋಣ ಎನ್ನಿಸಿ ಒತ್ತಿದೆ. ಏನೋ ನಾಲ್ಕು ಸಾಲು ಬಂತು. ಒಂದು ಕೈಯಲ್ಲಿ ಸೇವಂತಿಗೆ ಹಾರ, ಕೆಳಗಿನಿಂದ ಸೀನು ಅವರು ಮಂಗಳಾರತಿಗೆ ಹೊತ್ತಾಯಿತೆಂದು ಕೂಗುತ್ತಿದ್ದರು. 'ಯೆಸ್' ಒತ್ತಿ ಹಾರ ಹಾಕಿದೆ.

ಮರುದಿನ ನೋಡಿದರೆ ಏನೂ ಇರಲಿಲ್ಲ. ಶಶಿಧರ ಫೋನಿನಲ್ಲಿ ಅರ್ಧ ಗಂಟೆ ಏನೇನೋ ಟೈಪ್ ಮಾಡಿಸಿದ. ಹಿಂದೆ ಎರಡು ಮಕ್ಕಳೂ ಅಳುತ್ತಿದ್ದವು.

"ಡಬ್ಬ ನಿಂತಿದ್ರೆ ಅದರ ಲೆಕ್ಕದಲ್ಲಿ ಅದು ಬೇಡದ್ದು, ಆಂಟಿ. ಡಬ್ಬ ಹೋದ್ಮೇಲೆ ವಾಲ್ಯೂಮೂ ಯಾರಿಗೂ ಬೇಡದ್ದು. ಎಲ್ಲಾ ಗುಡಿಸಿ ಹಾಕಿದೆ. ಪುಸ್ತಕದ ಕಾಪಿ ಸೀನು ಅಂಕಲ್ ಹತ್ರ ಇದೆ. ಟಿಪ್ಪಣಿಗೆ ಕಾಪಿ ಇಲ್ಲ. ನಾನೇ ಮಾಡಿಡ್ಬೇಕಿತ್ತು."

ಟಿಪ್ಪಣಿ ಇಡುತ್ತಿದ್ದವಳು ಒಬ್ಬಳೇ, ವಸಂತಪುರದ ಹೇಮಶ್ರೀ. ಇಪ್ಪತ್ತಾರು ವರ್ಷ, ಹುಟ್ಟಿನಿಂದ ಕಣ್ಣಿಲ್ಲ. ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಬೇಕೆಂದು ಪರೀಕ್ಷೆಗೆ ಓದುತ್ತಿದ್ದಳು. ನಾನು ಓದಿದ ಪುಸ್ತಕಗಳನ್ನು ಕೇಳಿ, ಪ್ರತಿ ಪಾಠದ ಸಾರವನ್ನೂ ತನ್ನದೇ ಮಾತಿನಲ್ಲಿ ಹೇಳಿ ಇಟ್ಟಿದ್ದಳು. ಒಟ್ಟು ಇನ್ನೂರ ಹದಿನಾಲ್ಕು ಟಿಪ್ಪಣಿ, ಒಂದೂವರೆ ವರ್ಷದ ಕೆಲಸ. ಪರೀಕ್ಷೆಗೆ ಇನ್ನು ಇಪ್ಪತ್ತಮೂರು ದಿನವಿತ್ತು.

"ಕಂಪ್ಯೂಟರ್ ಕೆಟ್ಟೋಯ್ತು ಅಂದ್ಬಿಡಿ, ಸತ್ಯಭಾಮಾ ಅವ್ರೇ," ಎಂದರು ಸೀನು. "ಹಳೇದು ತಾನೆ? ಯಾರು ಬಂದು ನೋಡ್ತಾರೆ?"

ಅವರು ಅಂದದ್ದು ನನ್ನ ಮೇಲಿನ ಕನಿಕರಕ್ಕೆ. ನಿಜ ಹೇಳಬೇಕೆಂದರೆ, ನನಗೂ ಆಸೆಯಾಯಿತು. ಅವಳು ಬಂದು ನೋಡಲಾರಳು ಎನ್ನುವುದು ನೆನಪಾಗಿ ನನ್ನ ಬಗ್ಗೆಯೇ ಅಸಹ್ಯವಾಯಿತು. ಆಟೋ ಹಿಡಿದು ವಸಂತಪುರಕ್ಕೆ ಹೊರಟೆ.

ಹೇಮಶ್ರೀ ಬಾಗಿಲಲ್ಲೇ ನನ್ನ ದನಿ ಗುರುತಿಸಿ ನಕ್ಕಳು. "ಆಂಟಿ! ದಿನಾ ಕಿವಿಯೊಳಗೆ ಇರ್ತೀರಿ, ಇವತ್ತು ಮನೆಗೇ ಬಂದ್ಬಿಟ್ರಾ?" ಕೂರದೆಯೇ ಎಲ್ಲಾ ಹೇಳಿಬಿಟ್ಟೆ. ಪೂಜೆ, ಗುಂಡಿ, ಹಾರ, ಯಾವುದನ್ನೂ ಮುಚ್ಚಿಡಲಿಲ್ಲ.

ಅವಳ ಕೈ ಚೂಡಿದಾರದ ಅಂಚನ್ನು ಸುತ್ತಿ ಬಿಚ್ಚುತ್ತಿತ್ತು.

"ಅದು ಟಿಪ್ಪಣಿ ಅಲ್ಲ ಆಂಟಿ. ನನ್ನ ತಲೆ ಅದು," ಎಂದಳು ಕೊನೆಗೆ. "ಬೇರೆಯವ್ರು ಪುಸ್ತಕ ತಿರುವಿ ನೋಡ್ಕೋತಾರೆ. ನಾನೇನ್ ತಿರುವ್ಲಿ?"

ಅವಳು ಎದ್ದು ಲ್ಯಾಪ್‌ಟಾಪ್ ತಂದಳು. "ಆ ಟೂಲನ್ನ ಇಲ್ಲಿಂದ್ಲೇ ಇಂಟರ್ನೆಟ್ಟಲ್ಲಿ ತೆಗೀತೀನಿ, ಪಾಸ್‌ವರ್ಡ್ ಕೊಡಿ. ಹೇಗೆ ಶುರುಮಾಡೋದು ಅಂತ ಹೇಳಿಕೊಡಿ."

ಶಶಿಧರ ಹೇಳಿದ್ದನ್ನೇ ನೋಟ್‌ಬುಕ್ ನೋಡಿ ಹೇಳುತ್ತಾ ಹೋದೆ. ಲ್ಯಾಪ್‌ಟಾಪ್ ಪರದೆಯ ಪ್ರತಿ ಅಕ್ಷರವನ್ನೂ ಪಟಪಟನೆ ಓದಿ ಹೇಳುತ್ತಿತ್ತು, ಅವಳು ಬೆರಳಲ್ಲೇ ಉತ್ತರ ಕೊಡುತ್ತಿದ್ದಳು. ಟಿಪ್ಪಣಿಯ ಡಬ್ಬವನ್ನು ಹೊಸದಾಗಿ ಎಬ್ಬಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕಾಪಿ ದಿನಾ ತನ್ನ ಲ್ಯಾಪ್‌ಟಾಪಿಗೂ ಬರುವ ಹಾಗೆ ಫೋನಿನಲ್ಲಿ ಶಶಿಧರನನ್ನು ಕೇಳಿ ಮಾಡಿಕೊಂಡಳು. ಆಮೇಲೆ ಆ ಗುಡಿಸುವ ಗುಂಡಿ ಎಲ್ಲಿದೆ ಎಂದು ಕೇಳಿ, ಒತ್ತಿದಳು. ಬೇಡಮ್ಮ ಎಂದು ಅವಳ ಕೈ ಹಿಡಿಯಹೋದೆ. ಲ್ಯಾಪ್‌ಟಾಪ್ ಆ ನಾಲ್ಕೂ ಸಾಲನ್ನು ಓದಿತು: ನಿಂತಿರುವ ಡಬ್ಬಗಳೆಲ್ಲ ಹೋಗುತ್ತವೆ, ಯಾರೂ ಬಳಸದ ವಾಲ್ಯೂಮುಗಳೂ ಹೋಗುತ್ತವೆ, ಮತ್ತೆ ಸಿಗುವುದಿಲ್ಲ, ಮುಂದುವರಿಯಲೇ? ಅವಳು 'ನೋ' ಒತ್ತಿದಳು.

"ಇಷ್ಟು ಬಿಡಿಸಿ ಹೇಳತ್ತಲ್ಲ, ಆಂಟಿ."

"ಓದ್ಲಿಲ್ಲಮ್ಮ," ಎಂದೆ. ಎಂಟು ವರ್ಷದಿಂದ ಊರಿಗೆಲ್ಲ ಓದಿ ಹೇಳುವವಳಿಗೆ ಅಷ್ಟು ಹೇಳುವುದರಲ್ಲಿ ಸಾಕುಸಾಕಾಯಿತು.

"ಇನ್ಮೇಲೆ ಇದು ನನ್ನ ಹತ್ರ ಇರ್ಲಿ. ಯಾವ ಹಬ್ಬಕ್ಕೂ ನಿಲ್ಸೋದಿಲ್ಲ." ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. "ಪುಸ್ತಕ ಪೂರ್ತಿ ಕೇಳಕ್ಕೆ ಈಗ ಟೈಮಿಲ್ಲ. ನನಗೆ ನೆನಪಿರೋದನ್ನ ನಾನು ಹೇಳ್ತಾ ಹೋಗ್ತೀನಿ. ಎಲ್ಲಿ ನಿಲ್ತೀನೋ ಅಲ್ಲಿ ನೀವು ಪುಟ ತಿರುವಿ ಓದಿ. ದಿನಾ ಬರ್ಬೇಕು. ಆಗತ್ತಾ?"

"ಬೆಳಗ್ಗೆ ಒಂಬತ್ತಕ್ಕೇ ಬರ್ತೀನಿ."

"ನಾಳೆ ಅಲ್ಲ ಆಂಟಿ, ಈಗ್ಲೇ."

ಗೋಡೆಯ ಕಪಾಟಿನಲ್ಲಿದ್ದ ಅವಳ ತಮ್ಮನ ಇತಿಹಾಸದ ಪುಸ್ತಕ ಎತ್ತಿಕೊಂಡೆ. ಅವಳು ಲ್ಯಾಪ್‌ಟಾಪಿನ ಕೀಲಿ ಒತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಕದಂಬರಿಂದ ಶುರುಮಾಡಿದಳು. ಒಬ್ಬ ರಾಜನ ಹೆಸರು ನೆನಪಾಗದೆ ನಿಂತಳು. ಪುಟ ಹುಡುಕಿ ಓದಲು ಬಾಯಿ ತೆರೆದೆ. ಎರಡು ಪದ ಬಂತು, ಮೂರನೆಯದು ಬಿಕ್ಕಾಗಿ ಹೋಯಿತು.

ಹೇಮಶ್ರೀ ಕೈ ಚಾಚಿ, ನನ್ನ ಮೊಣಕೈ ಹುಡುಕಿ ಹಿಡಿದುಕೊಂಡಳು.

"ಅಳ್ಬೇಡಿ ಆಂಟಿ. ರೆಕಾರ್ಡ್ ಆಗ್ತಿದೆ."